ಕೂಲಿಗೆ ಬರುವವನೋ, ಪಾಲಿಗೆ ಬರುವವನೋ: ಫ್ಯಾಂಟಸಿ ಪಾತ್ರಾಭಿನಯದ ಆಟಗಳಲ್ಲಿ ಸಹಾಯಕರ ಆಯ್ಕೆ

ಪಂಜು ಹಿಡಿದ ಕೈ ಗುರಾಣಿಯನ್ನು ಹಿಡಿಯಲಾರದು. ಸಹಾಯಕರನ್ನು ನೇಮಿಸಿಕೊಳ್ಳುವ ಮಾತು ಬಹಳಷ್ಟು ಗುಂಪುಗಳಲ್ಲಿ ಹುಟ್ಟುವುದು ಇಂಥದೇ ಒಂದು ಸಣ್ಣ ಅಡಚಣೆಯಿಂದ. ಈ ಆಟಗಳಲ್ಲಿ ಒಬ್ಬೊಬ್ಬ ಆಟಗಾರ ಒಂದೊಂದು ಪಾತ್ರವನ್ನು ನಡೆಸುತ್ತಾನೆ, ಆಟ ನಡೆಸುವವನು ಕಥೆ ಹೇಳುತ್ತಾನೆ, ಫಲವನ್ನು ದಾಳ ನಿರ್ಧರಿಸುತ್ತದೆ. ವಿಜಯಪುರದ ನಮ್ಮ ಗುಂಪಿನಲ್ಲಿ ಮೊದಲು ಐವರು ಆಟಗಾರರಿದ್ದರು. ಇಬ್ಬರು ನೌಕರಿಗೆಂದು ಊರು ಬಿಟ್ಟ ಮೇಲೆ ಮೂವರು ಉಳಿದರು, ಆಟ ನಡೆಸುವವನು ನಾನು. ತೊರವಿಯ ಕಡೆಯಿಂದ ಆದಿಲ್‌ಶಾಹಿ ರಾಜಧಾನಿಗೆ ನೀರು ತಂದ ಸುರಂಗ ಕಾಲುವೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಬರೆದ ಕಾಲ್ಪನಿಕ ನಕ್ಷೆಯೊಳಗೆ ಆ ಮೂವರು ಇಳಿದ ದಿನವೇ ತೊಡಕು ಎದುರಾಯಿತು. ಯೋಧ ಪಂಜು ಹಿಡಿದರೆ ಗುರಾಣಿಯನ್ನು ಬೆನ್ನಿಗೆ ಹಾಕಬೇಕು, ಕಳ್ಳ ಹಿಡಿದರೆ ಬೀಗ ತೆಗೆಯಲು ಕೈ ಇಲ್ಲ, ಮಂತ್ರವಾದಿ ಹಿಡಿದರೆ ಕತ್ತಲೆಯೊಳಗಿನ ಮೊದಲ ಬಾಣ ಅವಳಿಗೇ ಬೀಳುತ್ತದೆ. ಯಾರನ್ನಾದರೂ ಕರೆದುಕೊಳ್ಳಲೇಬೇಕೆಂದು ಎಲ್ಲರೂ ಒಪ್ಪಿದರು. ಯಾರನ್ನು, ಯಾವ ಕರಾರಿನ ಮೇಲೆ ಎಂಬುದನ್ನು ತೀರ್ಮಾನಿಸಲು ಮೂರು ಭಾನುವಾರ ಹಿಡಿಯಿತು.

ಹೆಸರುಗಳು ಆಟದಿಂದ ಆಟಕ್ಕೆ, ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಹೈರ್ಲಿಂಗ್, ರಿಟೇನರ್, ಹೆಂಚ್‌ಮನ್, ಕೋಹಾರ್ಟ್, ಫಾಲೋವರ್, ಸೈಡ್‌ಕಿಕ್ ಎಂಬ ಪದಗಳನ್ನು ನಿಯಮಾವಳಿಗಳು ಒಂದೊಂದು ಕಡೆ ಒಂದೊಂದು ಅರ್ಥದಲ್ಲಿ ಬಳಸುವುದರಿಂದ ಹೊಸ ಆಟಗಾರರು ಗಲಿಬಿಲಿಗೊಳ್ಳುವುದು ಸಹಜ. ಆದರೆ ನಮ್ಮ ಭಾಗದ ಒಕ್ಕಲುತನವನ್ನು ಕಂಡವರಿಗೆ ಒಳಗಿನ ವ್ಯತ್ಯಾಸ ಹೊಸದೇನಲ್ಲ. ದಿನಗೂಲಿಗೆ ಕಳೆ ತೆಗೆಯಲು ಬಂದವರು ಹೊತ್ತು ಇಳಿದೊಡನೆ ಮನೆಯ ಹಾದಿ ಹಿಡಿಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಹೊಲವನ್ನು ಪಾಲಿಗೆ ಮಾಡುವವನು ಮಾತ್ರ ಅಕಾಲದ ಮಳೆ ಬಂದರೆ ನಡುರಾತ್ರಿ ಎದ್ದು ಹೋಗಿ ಜೋಳದ ರಾಶಿಗೆ ತಾಡಪತ್ರಿ ಹೊದಿಸುತ್ತಾನೆ. ಆಟದ ಸಹಾಯಕರನ್ನೂ ಹೀಗೆಯೇ ವಿಂಗಡಿಸಿದರೆ ಅರ್ಧ ಗೊಂದಲ ತೀರುತ್ತದೆ: ಅವನನ್ನು ನಮ್ಮ ಜೊತೆಗೆ ಕಟ್ಟಿರುವುದು ಕೂಲಿಯೋ, ಪಾಲೋ, ನಿಷ್ಠೆಯೋ? ಉಳಿದರ್ಧ ಗೊಂದಲ ತೀರಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಅವನ ದಾಳವನ್ನು ಉರುಳಿಸುವವರು ಯಾರು? ನಿಯಮಪುಸ್ತಕಗಳು ಸಹಾಯಕನ ಬೆಲೆಯನ್ನು ಚಿನ್ನದ ನಾಣ್ಯಗಳಲ್ಲಿ ಬರೆಯುತ್ತವೆ. ಮೇಜಿನ ಸುತ್ತ ಕುಳಿತವರು ಅದನ್ನು ನಿಮಿಷಗಳಲ್ಲಿ ತೆರುತ್ತಾರೆ.

ಕೂಲಿಯವರು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ 5ನೇ ಆವೃತ್ತಿಯಲ್ಲಿ ಲೆಕ್ಕ ಬಹಳ ಸರಳವಾಗಿದೆ. ಆಯುಧ, ಉಪಕರಣ ಅಥವಾ ಕೌಶಲವೊಂದರಲ್ಲಿ ಪಳಗಿದವನಿಗೆ ದಿನಕ್ಕೆ 2 ಚಿನ್ನದ ನಾಣ್ಯ, ಬರಿಯ ಮೈಬಲದ ಕೆಲಸದವನಿಗೆ 2 ಬೆಳ್ಳಿ ನಾಣ್ಯ. ಹತ್ತು ಬೆಳ್ಳಿಗೆ ಒಂದು ಚಿನ್ನವಾದ್ದರಿಂದ ಒಂದೇ ಚಿನ್ನದ ನಾಣ್ಯಕ್ಕೆ ಐವರು ಹಮಾಲರು ಒಂದು ದಿನ ದುಡಿಯುತ್ತಾರೆ. ಈ ಅಗ್ಗದ ದರವನ್ನು ಕಂಡು ಹೊಸ ಗುಂಪುಗಳು ಒಂದು ಡಜನ್ ಜನರನ್ನು ಕರೆದುಕೊಂಡು ಹೊರಡುವುದುಂಟು, ಮತ್ತು ಅಲ್ಲಿಯೇ ಎಡವುವುದುಂಟು. ಆ ಆವೃತ್ತಿಯ ಸಾಮಾನ್ಯ ಮನುಷ್ಯನಿಗೆ 4 ಹಿಟ್ ಪಾಯಿಂಟ್ (ಪೆಟ್ಟು ತಾಳುವ ಅಂಕಿ, ಅದು ತೀರಿದರೆ ಬೀಳುತ್ತಾನೆ), ಪಹರೆಯವನಿಗೆ 11. ಎಂಟು ಆರುಮುಖದ ದಾಳಗಳ ಹಾನಿ ಮಾಡುವ ಬೆಂಕಿಯುಂಡೆಯ ಮಂತ್ರ ಫೈರ್‌ಬಾಲ್ ಸರಾಸರಿ 28 ಪಾಯಿಂಟ್ ಕೀಳುತ್ತದೆ, ತಪ್ಪಿಸಿಕೊಂಡವರಿಗೂ ಅದರ ಅರ್ಧ ತಗಲುತ್ತದೆ. ಆಟಗಾರರ ಪಾತ್ರಗಳು ಅನುಭವದ ಏಣಿಯಲ್ಲಿ 5ನೇ ಲೆವೆಲ್ ಮುಟ್ಟುವ ಹೊತ್ತಿಗೆ ಕೂಲಿಯವರು ಕಾಳಗದ ಅಂಚಿನಲ್ಲಿ ನಿಂತರೂ ಬದುಕುವುದಿಲ್ಲ.

ಆದ್ದರಿಂದ ಕೂಲಿಯವರನ್ನು ಕಾಳಗಕ್ಕೆ ಪರ್ಯಾಯವಾಗಿ ನೋಡದೆ ಹೊರೆಗೆ ಪರ್ಯಾಯವಾಗಿ ನೋಡುವುದು ಸರಿ. ಅಲ್ಲಿ ಅವನ ನಿಜವಾದ ಎದುರಾಳಿ ಹೇಸರಗತ್ತೆ. ಅದೇ ಆವೃತ್ತಿಯಲ್ಲಿ ಹೇಸರಗತ್ತೆಯ ಬೆಲೆ 8 ಚಿನ್ನ, ಹೊರುವ ಭಾರ 420 ಪೌಂಡ್, ಮೇವಿಗೆ ದಿನಕ್ಕೆ 5 ತಾಮ್ರದ ನಾಣ್ಯ. ಸಾಧಾರಣ ಬಲದ ಹಮಾಲ ಹೊರುವುದು 150 ಪೌಂಡ್. ಅವನ 40 ದಿನದ ಕೂಲಿಗೆ ಒಂದು ಹೇಸರಗತ್ತೆ ಬಂದುಬಿಡುತ್ತದೆ. ದೂರದ ಪ್ರಯಾಣಕ್ಕೆ ಹೇಸರಗತ್ತೆಯೇ ಲಾಭ. ಆದರೆ ತಾಜ್ ಬಾವಡಿಯಂಥ ಮೆಟ್ಟಿಲುಬಾವಿಯ ಕೆಳಗೆ, ಹಗ್ಗ ಹಿಡಿದು ಇಳಿಯಬೇಕಾದ ಕಡೆ, ತೆವಳಿ ದಾಟಬೇಕಾದ ಕಾಲುವೆಯೊಳಗೆ ಹೇಸರಗತ್ತೆ ಬರುವುದಿಲ್ಲ. ಗುಂಪಿನಲ್ಲಿ ಮಂತ್ರವಾದಿ ಇದ್ದರೆ 1ನೇ ಲೆವೆಲ್ಲಿನ ತೇಲುವ ತಟ್ಟೆಯ ಮಂತ್ರ ಒಂದು ಗಂಟೆ ಕಾಲ 500 ಪೌಂಡ್ ಹೊರುತ್ತದೆ, ಊಟ ಕೇಳುವುದಿಲ್ಲ, ಗುಟ್ಟು ಬಿಡುವುದಿಲ್ಲ. ಗಂಟೆ ಮುಗಿದೊಡನೆ ಎಲ್ಲವನ್ನೂ ನೆಲಕ್ಕೆ ಚೆಲ್ಲುತ್ತದೆ. ನಾವು ಈಗ ಹೇಸರಗತ್ತೆಯನ್ನು ಬಾವಿಯ ಬಾಯಲ್ಲಿ ಕಟ್ಟಿ, ಅದನ್ನು ಕಾಯಲು ಕೂಲಿಯವನೊಬ್ಬನನ್ನು ಬಿಟ್ಟು ಇಳಿಯುತ್ತೇವೆ. ಕೂಲಿಗೆ ಬಂದವನಿಗೆ ಅದಕ್ಕಿಂತ ಹೆಚ್ಚಿನ ಕೆಲಸ ಹೇಳುವುದು ನ್ಯಾಯವೂ ಅಲ್ಲ.

ಸಿಪಾಯಿಗಳನ್ನು ಕೂಲಿಗೆ ಪಡೆಯುವವರು ಆಯುಧ ಮತ್ತು ಕುದುರೆ ಯಾರದು ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ದಖ್ಖನಿನ ಸೈನ್ಯಗಳಲ್ಲಿ ಸ್ವಂತ ಕುದುರೆ, ಸ್ವಂತ ಆಯುಧ ತಂದ ಸವಾರನನ್ನು ಶಿಲೇದಾರನೆಂದೂ, ಒಡೆಯನ ಕುದುರೆ ಏರಿದವನನ್ನು ಬಾರ್ಗೀರನೆಂದೂ ಕರೆಯುತ್ತಿದ್ದರು. ಈ ಎರಡು ಪದಗಳನ್ನು ನಾನು ಆಟದಲ್ಲಿ ಹಾಗೆಯೇ ಇಟ್ಟುಕೊಂಡಿದ್ದೇನೆ. ಶಿಲೇದಾರನ ಪಗಾರ ಹೆಚ್ಚು, ಅವನು ಓಡಿಹೋದರೆ ನಮಗಾಗುವ ನಷ್ಟ ಕಡಿಮೆ. ಬಾರ್ಗೀರ ಓಡಿಹೋದರೆ ಕುದುರೆಯೂ ಅವನ ಸಂಗಡ ಹೋಗುತ್ತದೆ. ಅದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ನಿಯಮಗಳನ್ನು, ಅಥವಾ ಅವನ್ನೇ ಹೊಸದಾಗಿ ಜೋಡಿಸಿದ ಓಲ್ಡ್ ಸ್ಕೂಲ್ ಎಸೆನ್ಶಿಯಲ್ಸ್ ಆಟವನ್ನು ಆಡುವವರಿಗೆ ಇನ್ನೊಂದು ಮಾತು ಸ್ಪಷ್ಟವಿರಲಿ: ಅಲ್ಲಿ ಕೂಲಿ ಸಿಪಾಯಿಗಳು ಡಂಜನ್ನಿನೊಳಗೆ, ಅಂದರೆ ಸಾಹಸ ನಡೆಯುವ ನೆಲದಡಿಯ ತಾಣದೊಳಗೆ, ಕಾಲಿಡುವುದೇ ಇಲ್ಲ.

ಪಾಲಿನವರು

ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಹೊರಬಂದಾಗ, ಪಾತ್ರದ ವ್ಯಕ್ತಿತ್ವದ ಸೆಳೆತವನ್ನು ಅಳೆಯುವ ಕ್ಯಾರಿಸ್ಮಾ ಎಂಬ ಗುಣಾಂಕದ ಮುಖ್ಯ ಉಪಯೋಗವೇ ಎಷ್ಟು ಜನ ನಿಮ್ಮ ಬೆನ್ನಿಗೆ ಬರುತ್ತಾರೆ, ಎಷ್ಟರ ಮಟ್ಟಿಗೆ ನಂಬಿಗಸ್ತರಾಗಿ ಉಳಿಯುತ್ತಾರೆ ಎಂಬುದನ್ನು ನಿರ್ಧರಿಸುವುದಾಗಿತ್ತು. ಇಂದಿನ ಆಟಗಾರರು ಕ್ಯಾರಿಸ್ಮಾವನ್ನು ಮಾತಿನ ಮೋಡಿ ಎಂದಷ್ಟೇ ತಿಳಿದು ಯೋಧನಿಗೆ ಅದು ದಂಡವೆಂದು 8ಕ್ಕೆ ಇಳಿಸುತ್ತಾರೆ. ಹಳೆಯ ನಿಯಮದಲ್ಲಿ ಹಾಗೆ ಮಾಡಿದವನ ಪಾಡು ಏನಾಗುತ್ತದೆ ಎಂಬುದನ್ನು 1981ರ ಪಟ್ಟಿ ತೋರಿಸುತ್ತದೆ. ಕ್ಯಾರಿಸ್ಮಾ 6ರಿಂದ 8 ಇದ್ದವನಿಗೆ ಗರಿಷ್ಠ ಮೂವರು ಪಾಲಿನ ಸಹಾಯಕರು, ಅಂದರೆ ರಿಟೇನರ್‌ಗಳು, ಅವರ ಮನೋಬಲ 6. ಕ್ಯಾರಿಸ್ಮಾ 9ರಿಂದ 12 ಇದ್ದರೆ ನಾಲ್ವರು, ಮನೋಬಲ 7. ಕ್ಯಾರಿಸ್ಮಾ 13ರಿಂದ 15 ಇದ್ದರೆ ಐವರು, ಮನೋಬಲ 8. ಕ್ಯಾರಿಸ್ಮಾ 18ರ ಅಪರೂಪದ ಪಾತ್ರಕ್ಕೆ ಏಳು ಜನ, ಮನೋಬಲ 10.

ಎರಡು ಆರುಮುಖದ ದಾಳ ಉರುಳಿಸಿ ಮನೋಬಲದ ಅಂಕಿಗೆ ಸಮ ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಹಾಯಕ ನಿಲ್ಲುತ್ತಾನೆ, ಹೆಚ್ಚು ಬಂದರೆ ಓಡುತ್ತಾನೆ. ಅಂಕಿಗಳು ಒಂದೊಂದೇ ಹೆಜ್ಜೆ ಏರುವಂತೆ ಕಂಡರೂ ಎರಡು ದಾಳಗಳ ಗಣಿತ ಹಾಗಿಲ್ಲ. ಮನೋಬಲ 6 ಇದ್ದವನು ನಿಲ್ಲುವ ಸಾಧ್ಯತೆ 36ರಲ್ಲಿ 15, ಅಂದರೆ ಸುಮಾರು ಶೇ. 42. ಮನೋಬಲ 7 ಇದ್ದರೆ ಶೇ. 58, ಮನೋಬಲ 8 ಇದ್ದರೆ ಶೇ. 72, ಮನೋಬಲ 10 ಇದ್ದರೆ ಶೇ. 92. ಯೋಧನ ಕ್ಯಾರಿಸ್ಮಾ 8 ಇರುವುದಕ್ಕೂ 13 ಇರುವುದಕ್ಕೂ ನಡುವೆ ಪಂಜಿನವನು ಓಡುವುದು ಹೆಚ್ಚೋ ನಿಲ್ಲುವುದು ಹೆಚ್ಚೋ ಎಂಬಷ್ಟು ಅಂತರವಿದೆ. ಹೀಗಾಗಿ ಸಹಾಯಕನನ್ನು ಮಾತನಾಡಿಸುವವರು ಯಾರು ಎಂಬುದೇ ಮೊದಲ ಆಯ್ಕೆ. ಹಣದ ಚೀಲ ಯೋಧನ ಬಳಿಯಿದ್ದರೂ ಕರಾರು ಮಾಡುವವರು ಕ್ಯಾರಿಸ್ಮಾ ಹೆಚ್ಚಿರುವವರೇ ಆಗಬೇಕು.

ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ. ಮೊದಲ ಭಾನುವಾರ ಯೋಧನ ಆಟಗಾರ ಪಂಜು ಹಿಡಿಯಲು ಒಬ್ಬ ಹುಡುಗನನ್ನು ದಿನಗೂಲಿಗೆ ಕರೆದ. ಹೆಸರು ಕೇಳಲಿಲ್ಲ, ಹಾಳೆಯ ಅಂಚಿನಲ್ಲಿ ‘ಪಂಜು, 1’ ಎಂದು ಹಗ್ಗ ಮತ್ತು ಮೊಳೆಗಳ ಪಟ್ಟಿಯ ಕೆಳಗೆ ಬರೆದುಕೊಂಡ. ಕಾಲುವೆಯ ಎರಡನೆಯ ತಿರುವಿನಲ್ಲಿ ನೀರಿನಿಂದ ಬಿಳಿಯ ಕೈಯೊಂದು ಮೇಲೆದ್ದಾಗ ನಾನು ಎರಡು ದಾಳ ಉರುಳಿಸಿದೆ: ಐದು ಮತ್ತು ನಾಲ್ಕು. ಅವನ ಮನೋಬಲ 7. ಹುಡುಗ ಓಡಿದ, ಪಂಜಿನ ಸಮೇತ ಓಡಿದ, ಮತ್ತು ಆ ಗುಂಪಿನ ಏಕೈಕ ಬೆಳಕು ತಿರುವಿನಾಚೆ ಮರೆಯಾಗುವುದನ್ನು ಮೂವರೂ ನೋಡುತ್ತ ನಿಂತರು. ಕತ್ತಲೆಯಲ್ಲಿ ಹಿಂದೆ ಸರಿದ ಕಳ್ಳ ಹೂಳು ತೆಗೆಯುವ ಗುಂಡಿಗೆ ಬಿದ್ದ. ಯಾರೂ ಎರಡನೆಯ ಪಂಜು ಹೊತ್ತಿಸಿಟ್ಟುಕೊಂಡಿರಲಿಲ್ಲ ಎಂಬುದು ನಿಯಮದ ತಪ್ಪಲ್ಲ. ಎರಡನೆಯ ಭಾನುವಾರ ಕ್ಯಾರಿಸ್ಮಾ 13 ಇದ್ದ ಮಂತ್ರವಾದಿ ಕರಾರಿಗೆ ಕುಳಿತಳು, ಅರ್ಧ ಪಾಲು ಕೊಡುವುದಾಗಿ ಮಾತು ಕೊಟ್ಟಳು, ಹೊಸಬನಿಗೆ ದ್ಯಾಮಪ್ಪ ಎಂದು ಹೆಸರಿಟ್ಟಳು. ಅದೇ ತಿರುವಿನಲ್ಲಿ ದಾಳ 8 ಬಿತ್ತು, ಅವನ ಮನೋಬಲವೂ 8. ದ್ಯಾಮಪ್ಪ ನಿಂತ. ಹಿಂದಿನ ವಾರದ ಕರಾರು ಇದ್ದಿದ್ದರೆ ಅವನೂ ಓಡುತ್ತಿದ್ದ.

ಅರ್ಧ ಪಾಲು ದುಬಾರಿಯೇ? ಮೂವರು ಮುಖ್ಯ ಪಾತ್ರಗಳು ಮತ್ತು ಒಬ್ಬ ರಿಟೇನರ್ 700 ಚಿನ್ನ ತಂದರೆಂದುಕೊಳ್ಳಿ. ಮೂರೂವರೆ ಪಾಲಾಗಿ ತಲಾ 200 ಅವರಿಗೆ, 100 ಅವನಿಗೆ. ಕೂಲಿಯ ಮುಂದೆ ಇದು ಬಹಳ ಹೆಚ್ಚು. ಆದರೆ ಕೈಗೆ ಏನೂ ಸಿಗದೆ ಮರಳಿದ ದಿನ ಪಾಲಿನವನಿಗೆ ಕೊಡಬೇಕಾದದ್ದೂ ಇಲ್ಲ, ಕೂಲಿಯವನಿಗೆ ಮಾತ್ರ ಕೊಡಲೇಬೇಕು. ಜೊತೆಗೆ ಅವನು ಅನುಭವದಲ್ಲಿಯೂ ಅರ್ಧ ಪಡೆದು ಲೆವೆಲ್ ಏರುತ್ತಾನೆ. ಪ್ರತಿ ಸಾಹಸದ ಕೊನೆಗೆ ಮತ್ತೊಮ್ಮೆ ದಾಳ ಉರುಳಿಸಿ ಅವನು ಮುಂದೆ ಬರುತ್ತಾನೋ ಇಲ್ಲವೋ ನೋಡುವುದು ನಿಯಮ, ಆದ್ದರಿಂದ ಪಾಲಿನಲ್ಲಿ ಜಿಪುಣತನ ಮಾಡಿದವರಿಗೆ ಲೆಕ್ಕ ಅಲ್ಲಿ ಚುಕ್ತಾ ಆಗುತ್ತದೆ.

2000ದ 3ನೇ ಆವೃತ್ತಿ ಇದೇ ಸಂಬಂಧವನ್ನು ಲೀಡರ್‌ಶಿಪ್ ಎಂಬ ಫೀಟ್ ಆಗಿ, ಅಂದರೆ ಪಾತ್ರ ಬೆಳೆಯುತ್ತ ಆಯ್ದುಕೊಳ್ಳುವ ವಿಶೇಷ ಸಾಮರ್ಥ್ಯವಾಗಿ, ಬದಲಿಸಿತು. 6ನೇ ಲೆವೆಲ್ಲಿನಿಂದ ಅದು ಲಭ್ಯ; ಕೋಹಾರ್ಟ್ ಎಂಬ ಒಬ್ಬ ಆಪ್ತ ಸಿಗುತ್ತಾನೆ, ಅವನ ಲೆವೆಲ್ ನಾಯಕನದಕ್ಕಿಂತ ಕೆಳಗಿರಬೇಕು. ಕರಾರಿಲ್ಲ, ಚೌಕಾಸಿಯಿಲ್ಲ, ಒಂದು ಫೀಟ್ ಖರ್ಚು ಮಾಡಿದರೆ ಸಾಕು. ನನಗೆ ಇದು ಅಷ್ಟು ಹಿಡಿಸದ ವ್ಯವಸ್ಥೆ, ಏಕೆಂದರೆ ಒಬ್ಬ ಆಟಗಾರ ಎರಡು ಬಲವಾದ ಪಾತ್ರ ಆಡುವಾಗ ಉಳಿದವರು ಸುಮ್ಮನೆ ಕಾಯುತ್ತಾರೆ. ಆದರೂ ಅದರಲ್ಲಿ ಒಂದು ಒಳ್ಳೆಯ ಅಂಶವಿದೆ: ಕೋಹಾರ್ಟ್‌ನ ಸಾವಿಗೆ ಕಾರಣನಾದ ನಾಯಕನ ಲೀಡರ್‌ಶಿಪ್ ಅಂಕದಿಂದ 2 ಕಳೆಯುತ್ತದೆ, ಮುಂದೆ ಬರುವವರು ಆ ಸುದ್ದಿ ಕೇಳಿಯೇ ಬರುತ್ತಾರೆ. 2012ರ ಡಂಜನ್ ವರ್ಲ್ಡ್ ಎಂಬ ಬೇರೆ ಆಟ ಇನ್ನೊಂದು ಜಾಡು ಹಿಡಿಯುತ್ತದೆ. ಅಲ್ಲಿ ಪ್ರತಿ ಸಹಾಯಕನಿಗೂ ಅವನದೇ ಒಂದು ಬೆಲೆ ಇರುತ್ತದೆ. ಒಬ್ಬನಿಗೆ ಹಣ ಬೇಕು, ಇನ್ನೊಬ್ಬನಿಗೆ ಕೀರ್ತಿ, ಮತ್ತೊಬ್ಬನಿಗೆ ಯಾರಿಗಾದರೂ ಒಳ್ಳೆಯದಾಗಬೇಕು. ನಿಯಮಪುಸ್ತಕ ಯಾವುದೇ ಇರಲಿ, ಈ ಒಂದು ಅಂಶವನ್ನು ಎರವಲು ತಂದುಕೊಳ್ಳಬಹುದು.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ನಮ್ಮ ಕಳ್ಳನ ಆಟಗಾರ ಒಮ್ಮೆ ಜಾಣತನದಿಂದ, ಕಬ್ಬಿನ ಗ್ಯಾಂಗಿಗೆ ಮುಕಾದಮ ಕೊಡುವಂತೆ ದೊಡ್ಡ ಮುಂಗಡ ಕೊಟ್ಟು, ಸಾಲ ತೀರುವವರೆಗೆ ಬಿಟ್ಟು ಹೋಗದಂತೆ ಸಹಾಯಕರನ್ನು ಕಟ್ಟಿಹಾಕುವ ಕರಾರು ಬರೆದ. ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಅದರ ನೆನಪು ನಮ್ಮ ಸೀಮೆಯ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಮೇಜಿನ ಸುತ್ತ ಯಾರೂ ನಗಲಿಲ್ಲ. ಆ ಹಾಳೆಯನ್ನು ಅವನೇ ಹರಿದ. ಸಹಾಯಕನನ್ನು ಮುಂದೆ ನೂಕಿ ನೆಲದ ಬಲೆ ಪರೀಕ್ಷಿಸುವ ಹಳೆಯ ಚಾಳಿಯೂ ನಮ್ಮಲ್ಲಿ ಅಂದಿನಿಂದ ನಿಂತಿದೆ. ಹತ್ತು ಅಡಿಯ ಬಡಿಗೆಯಿಂದ ಅದೇ ಕೆಲಸವಾಗುತ್ತದೆ.

ಸೈಡ್‌ಕಿಕ್ ಮತ್ತು ಮಂತ್ರದ ಜೀವಿಗಳು

5ನೇ ಆವೃತ್ತಿಯನ್ನು ಇಬ್ಬರು ಅಥವಾ ಮೂವರು ಆಡುವುದಾದರೆ ಮೇಲಿನ ಎರಡೂ ಬಗೆಗಳಿಗಿಂತ ಸೈಡ್‌ಕಿಕ್ ಹೊಂದುತ್ತದೆ. 2019ರ ಆರಂಭಿಕ ಪೆಟ್ಟಿಗೆಯೊಂದರಲ್ಲಿ ಒಬ್ಬನೇ ಆಟಗಾರನಿಗೆ ಜೊತೆಯಾಗಲೆಂದು ಬಂದ ಈ ನಿಯಮ 2020ರಲ್ಲಿ ವಿಸ್ತಾರಗೊಂಡಿತು. ಎದುರಾಳಿಯಾಗಿ ಎಷ್ಟು ಕಠಿಣ ಎಂಬುದನ್ನು ಹೇಳುವ ಚಾಲೆಂಜ್ ರೇಟಿಂಗ್ ಅರ್ಧ ಅಥವಾ ಅದಕ್ಕಿಂತ ಕಡಿಮೆ ಇರುವ ಯಾವುದೇ ಜೀವಿಯನ್ನು ಆಯ್ದುಕೊಂಡು ಎಕ್ಸ್‌ಪರ್ಟ್ (ಕುಶಲಿ), ಸ್ಪೆಲ್‌ಕಾಸ್ಟರ್ (ಮಂತ್ರ ಬಲ್ಲವ) ಅಥವಾ ವಾರಿಯರ್ (ಯೋಧ) ಆಗಿ ಬೆಳೆಸಬಹುದು, ಗುಂಪಿನ ಸರಾಸರಿ ಲೆವೆಲ್ಲಿಗೆ ಅದು ತಾನೂ ಏರುತ್ತದೆ. ಗುಂಪು 9ನೇ ಲೆವೆಲ್ಲಿಗೆ ಹೋದರೂ ಸೈಡ್‌ಕಿಕ್ ಹಿಂದೆ ಬೀಳುವುದಿಲ್ಲ. ಕೂಲಿಯವನ 4 ಹಿಟ್ ಪಾಯಿಂಟ್‌ಗಳ ತೊಂದರೆ ಇಲ್ಲಿಲ್ಲ. ಮೂರರಲ್ಲಿ ಒಂದನ್ನು ಹೇಳೆಂದರೆ ಎಕ್ಸ್‌ಪರ್ಟ್ ಎನ್ನುತ್ತೇನೆ. ಅವನು ಸರದಿಯ ಮುಖ್ಯ ಕೆಲಸದ ಮೇಲೆ ಸಿಗುವ ಬೋನಸ್ ಆ್ಯಕ್ಷನ್ನಿನಲ್ಲಿಯೇ ಇತರರಿಗೆ ನೆರವು ನೀಡಬಲ್ಲ, ಆದ್ದರಿಂದ ಹೊಡೆತದ ಹೆಮ್ಮೆ ಆಟಗಾರನ ಪಾತ್ರಕ್ಕೇ ಉಳಿಯುತ್ತದೆ. ಈ ವ್ಯವಸ್ಥೆಯಲ್ಲಿ ಇಲ್ಲದ್ದು ಭಯ. ಸೈಡ್‌ಕಿಕ್ ಓಡಿಹೋಗುವುದಕ್ಕೆ ನಿಯಮವಿಲ್ಲ, ಪಾಲು ಕೇಳುವುದಿಲ್ಲ. ಆ ಭಯ ಬೇಕೆನ್ನುವವರು 2014ರ ಆಟ ನಡೆಸುವವರ ಪುಸ್ತಕದಲ್ಲಿರುವ ಐಚ್ಛಿಕ ನಿಷ್ಠೆಯ ನಿಯಮವನ್ನು ಸೇರಿಸಿಕೊಳ್ಳಬಹುದು: ಗುಂಪಿನಲ್ಲಿ ಅತಿ ಹೆಚ್ಚಿನ ಕ್ಯಾರಿಸ್ಮಾ ಎಷ್ಟೋ ಅದೇ ನಿಷ್ಠೆಯ ಮಿತಿ, ಆರಂಭದಲ್ಲಿ ಅದರ ಅರ್ಧ.

ಫ್ಯಾಮಿಲಿಯರ್ ಎಂಬ ಮಂತ್ರದ ಜೀವಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 10 ಚಿನ್ನದ ಧೂಪ, ಇದ್ದಿಲು, ಗಿಡಮೂಲಿಕೆ ಸುಟ್ಟರೆ ಗೂಬೆಯೋ ಬೆಕ್ಕೋ ಬರುತ್ತದೆ. ದಾಳಿ ಮಾಡಲಾರದು, ಬೇಹಿಗೆ ಮಾತ್ರ ಅದಕ್ಕೆ ಸಮನಿಲ್ಲ, ಸತ್ತರೆ ಮತ್ತೆ 10 ಚಿನ್ನ. ಬೇಹುಗಾರನೊಬ್ಬನೇ ಬೇಕಾಗಿದ್ದರೆ ಮನುಷ್ಯನನ್ನು ನೇಮಿಸಬೇಡಿ.

ಅನುಯಾಯಿಗಳು

ಹಳೆಯ ಆವೃತ್ತಿಗಳಲ್ಲಿ ಯೋಧ 9ನೇ ಲೆವೆಲ್ ಮುಟ್ಟಿ ಕೋಟೆ ಕಟ್ಟಿದರೆ ಜನ ತಾವಾಗಿ ಬಂದು ಸೇರುವ ಕಾಲ ಆರಂಭವಾಗುತ್ತದೆ. 1981ರ ನಿಯಮದಲ್ಲಿ ಪೂಜಾರಿಗೆ 50ರಿಂದ 300 ಸಿಪಾಯಿಗಳು ಸಿಗುತ್ತಾರೆ ಮತ್ತು ಅವರು ಮನೋಬಲದ ದಾಳವನ್ನೇ ಉರುಳಿಸಬೇಕಿಲ್ಲ. ಕಳ್ಳನಿಗೆ 2ರಿಂದ 12 ಶಿಷ್ಯರು. ಮಂತ್ರವಾದಿಗೆ 11ನೇ ಲೆವೆಲ್ಲಿನಲ್ಲಿ ಗೋಪುರ ಕಟ್ಟಿದ ಮೇಲೆ ಒಂದರಿಂದ ಆರು ಜನ. ಇವರನ್ನು ಕೂಲಿ ಅಥವಾ ಪಾಲಿನ ಲೆಕ್ಕದಲ್ಲಿ ಹಿಡಿಯಲಾಗದು. ಕಿತ್ತೂರು ಸಂಸ್ಥಾನದಲ್ಲಿ ಸೇವೆಗೆ ಪ್ರತಿಯಾಗಿ ಭೂಮಿ ಪಡೆದ ಶೇತಸನದಿಗಳನ್ನು ನೆನೆದರೆ ಈ ಬಗೆಯ ನಂಟು ಅರ್ಥವಾಗುತ್ತದೆ. ಸಂಗೊಳ್ಳಿ ರಾಯಣ್ಣ ಅಂಥ ಒಬ್ಬ ಶೇತಸನದಿ. 1824ರಲ್ಲಿ ಚೆನ್ನಮ್ಮನ ಪರ ನಿಂತವನು, ರಾಣಿ ಸೆರೆಯಲ್ಲಿ ತೀರಿದ ಮೇಲೆಯೂ ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು. ಪಗಾರ ಕೊಡುವವರೇ ಇಲ್ಲದಿದ್ದಾಗಲೂ ನಡೆದ ಸೇವೆಗೆ ಮನೋಬಲದ ಪಟ್ಟಿಯಲ್ಲಿ ಅಂಕಿಯಿಲ್ಲ, ಆದ್ದರಿಂದ ದಾಳ ಬೇಡವೆಂದ ನಿಯಮ ನನಗೆ ಸರಿಯೆನಿಸುತ್ತದೆ.

ಆದರೆ ಅನುಯಾಯಿಗಳೆಂದರೆ ಕಣಜ, ಕಂದಾಯ, ದೂರು, ಜಗಳ. ಲೆಕ್ಕದ ವಹಿ ಬರೆಯಲು ಬೇಸರಿಸದ ಒಬ್ಬ ಆಟಗಾರನಾದರೂ ಗುಂಪಿನಲ್ಲಿ ಇರದಿದ್ದರೆ ಕೋಟೆಯ ಆಸೆಗೆ ಬೀಳಬಾರದು.

ಮೇಜಿನ ಸಮಯ

ಹೆಚ್ಚು ಆಟಗಾರರಿದ್ದ ದಿನಗಳಲ್ಲಿ ನಾವು ಒಮ್ಮೆ ಒಂಬತ್ತು ಸಹಾಯಕರನ್ನು ಕರೆದೊಯ್ದೆವು. ಒಂದು ಕಾಳಗ ಮುಗಿಯುವಷ್ಟರಲ್ಲಿ ಎರಡು ಸಲ ಚಹಾ ಆಯಿತು, ಕಾಳಗ ಮುಗಿದಾಗ ಏಕೆ ಹೊಡೆದಾಡಿದೆವು ಎಂಬುದು ಯಾರಿಗೂ ನೆನಪಿರಲಿಲ್ಲ. ಅಂದಿನಿಂದ ಸಹಾಯಕನ ದಾಳ ಆಟ ನಡೆಸುವ ನನ್ನ ಕೈಯಲ್ಲಿಲ್ಲ, ಕರೆದವರ ಕೈಯಲ್ಲಿದೆ. ಮನೋಬಲದ ದಾಳ ಮಾತ್ರ ನನ್ನದು. ಅವನ ಸರದಿ ಒಡೆಯನ ಸರದಿಯ ಜೊತೆಗೇ ಬರುತ್ತದೆ. ಪಾತ್‌ಫೈಂಡರ್ 2ನೇ ಆವೃತ್ತಿ ಇದನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ: ಅಲ್ಲಿ ಮಿನಿಯನ್ ಎನಿಸಿಕೊಂಡ ಜೀವಿ ತಾನಾಗಿ ಸಾಮಾನ್ಯವಾಗಿ ಏನನ್ನೂ ಮಾಡದು, ಒಡೆಯ ತನ್ನ ಮೂರು ಆ್ಯಕ್ಷನ್‌ಗಳಲ್ಲಿ ಒಂದನ್ನು ಅಪ್ಪಣೆಗೆ ಖರ್ಚು ಮಾಡಿದರೆ ಅದಕ್ಕೆ ಎರಡು ಸಿಗುತ್ತವೆ. ಗುಂಪು ಯಾವ ಆಟವನ್ನೇ ಆಡಲಿ, ಸಹಾಯಕನ ವಿವರ ಬಸ್ಸಿನ ಟಿಕೆಟ್ಟಿನಷ್ಟು ಚೀಟಿಯಲ್ಲಿ ಹಿಡಿಯದಿದ್ದರೆ ಅವನು ಸಹಾಯಕನಲ್ಲ, ಇನ್ನೊಂದು ಪಾತ್ರ.

ಇಷ್ಟರ ಮೇಲೆ ನನ್ನ ಸಲಹೆ ಹೀಗಿದೆ. ಇಬ್ಬರು ಆಟಗಾರರು 5ನೇ ಆವೃತ್ತಿ ಆಡುತ್ತಿದ್ದರೆ ಒಬ್ಬ ಎಕ್ಸ್‌ಪರ್ಟ್ ಸೈಡ್‌ಕಿಕ್ ಸಾಕು, ಆಡುವವರು ಸರದಿಯಂತೆ ಅವನನ್ನು ನಡೆಸಲಿ. ಮೂವರು ಹಳೆಯ ಮಾದರಿಯ ಆಟ ಆಡುತ್ತಿದ್ದರೆ ಅರ್ಧ ಪಾಲಿಗೆ ಒಬ್ಬ, ಹೆಚ್ಚೆಂದರೆ ಇಬ್ಬರು. ಪ್ರತಿ ಆಟಗಾರನೂ ಒಬ್ಬೊಬ್ಬನನ್ನು ಕರೆಯುವ ಹಕ್ಕನ್ನು ನಿಯಮ ಕೊಟ್ಟರೂ ಮೇಜು ಅದನ್ನು ತಾಳುವುದಿಲ್ಲ. ಐವರು ಅಥವಾ ಹೆಚ್ಚಿನ ಆಟಗಾರರಿದ್ದರೆ ಹೊರಗೆ ಹೇಸರಗತ್ತೆ ಕಾಯುವ ಕೂಲಿಯವನಿಗಿಂತ ಮುಂದೆ ಹೋಗಬೇಡಿ. ಸಾವು ಹೆಚ್ಚಾಗಿರುವ ಆಟಗಳಲ್ಲಿ ಪಾಲಿನವನಿಗೆ ಇನ್ನೊಂದು ಉಪಯೋಗವಿದೆ. ಮುಖ್ಯ ಪಾತ್ರ ಸತ್ತ ದಿನ ಆಟಗಾರ ಹೊಸ ಹಾಳೆ ಬರೆಯುತ್ತ ಒಂದು ಗಂಟೆ ಕೂರುವ ಬದಲು, ಆಗಲೇ ಎಲ್ಲರಿಗೂ ಪರಿಚಿತನಾದ, ಒಂದೆರಡು ಲೆವೆಲ್ ಏರಿದ ಸಹಾಯಕನನ್ನೇ ಕೈಗೆತ್ತಿಕೊಳ್ಳಬಹುದು.

ನಮ್ಮಲ್ಲಿ ಅದು ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು. ಪುಣೆಗೆ ಹೋದ ಗೆಳೆಯ ದೀಪಾವಳಿಗೆ ಊರಿಗೆ ಬಂದವನು ಒಂದೇ ಮಧ್ಯಾಹ್ನ ಆಡಲು ಕುಳಿತ. ಹೊಸ ಪಾತ್ರ ಬರೆಯುವಷ್ಟು ಹೊತ್ತಿರಲಿಲ್ಲ, ದ್ಯಾಮಪ್ಪನ ಚೀಟಿಯನ್ನು ಅವನ ಮುಂದಿಟ್ಟೆವು. ಚೀಟಿಯನ್ನು ಎರಡೂ ಬದಿ ತಿರುಗಿಸಿ ಓದಿ ಅವನು ಕೇಳಿದ ಮೊದಲ ಪ್ರಶ್ನೆ, ಹೋದ ಸಲದ ಅರ್ಧ ಪಾಲು ಪೂರ್ತಿ ಕೊಟ್ಟಿದ್ದೀರಾ ಎಂಬುದು. ಮಂತ್ರವಾದಿ ವಹಿ ತೆಗೆದಳು. 15 ಚಿನ್ನ ಬಾಕಿ ಇತ್ತು.